ಮನ್ನಿಸುವ ಭಾಷೆ

ಗಣಕಯಂತ್ರವು ಅಣುಮಾತ್ರದ ತಪ್ಪನ್ನೂ ಸಹಿಸಲಾರದೆಂಬ, ಒಂದು ಚಿಹ್ನೆ ಸ್ಥಾನ ತಪ್ಪಿದರೂ ಮುಂದಿನ ಹೆಜ್ಜೆಯನ್ನಿಡದೆ ಹಠ ಹಿಡಿದು ನಿಲ್ಲುವುದೆಂಬ ಪ್ರತೀತಿಯು ಜನಸಾಮಾನ್ಯರಲ್ಲಿ ಬಹುಕಾಲದಿಂದ ಬೇರೂರಿದೆ. ಅನೇಕ ಪ್ರೋಗ್ರಾಮಿಂಗ್ ಭಾಷೆಗಳ ವಿಷಯದಲ್ಲಿ ಅದು ಯಥಾರ್ಥವೂ ಹೌದು. ಆದರೆ ನಮ್ಮ ಮೊಬೈಲು, ಲ್ಯಾಪ್‌ಟಾಪುಗಳಲ್ಲಿರುವ ಪ್ರತಿಯೊಂದು ಬ್ರೌಸರಿನ ಗರ್ಭದಲ್ಲಿಯೂ ನೆಲೆಸಿರುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಸ್ವಭಾವವು ಇದಕ್ಕೆ ಬಹುಮಟ್ಟಿಗೆ ವಿಪರೀತವಾದುದು. ವಾಕ್ಯದ ಕೊನೆಯಲ್ಲಿ ಅರ್ಧವಿರಾಮವನ್ನು ಬಿಟ್ಟರೆ ಅದು ತಾನೇ ಇದೆಯೆಂದು ಭಾವಿಸಿಕೊಳ್ಳುತ್ತದೆ. ಅಂಕಿಯಿರಬೇಕಾದ ಎಡೆಯಲ್ಲಿ ಅಕ್ಷರವನ್ನು ಕೊಟ್ಟರೆ ಒಂದನ್ನು ಇನ್ನೊಂದಾಗಿ ಮಾರ್ಪಡಿಸಿಕೊಳ್ಳುತ್ತದೆ. ಫೆಬ್ರವರಿ 31ನೆಯ ದಿನಾಂಕವನ್ನು ಕೇಳಿದರೆ, ಅಂಥ ದಿನವಿಲ್ಲವೆಂದು ಗದರದೆ, ಮೌನವಾಗಿ ಮಾರ್ಚ್ ತಿಂಗಳಿಗೆ ದಾಟಿಹೋಗುತ್ತದೆ. ಈ ಕ್ಷಮಾಗುಣದಿಂದಲೇ ಅದು ಇಷ್ಟು ಜನರ ಕೈಗೆ ದಕ್ಕಿತು. ಈ ಕ್ಷಮಾಗುಣವೇ ಹೊಸದಾಗಿ ಕಲಿಯುವವರಿಗೆ ಅದರ ಮೊದಲ ತೊಡಕು. ಆದುದರಿಂದ ಈ ಅಧ್ಯಾಯದಲ್ಲಿ ಆ ಭಾಷೆಯ ಮೂಲಪಾಠಗಳನ್ನು, ಅದು ಎಲ್ಲೆಲ್ಲಿ ನಮ್ಮ ತಪ್ಪನ್ನು ಹೇಳದೆ ಮನ್ನಿಸುತ್ತದೆಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ.

ಜನ್ಮವೃತ್ತಾಂತ

ವೆಬ್ ಪುಟವೊಂದು ಮೂರು ಭಾಷೆಗಳ ಸಹಯೋಗದಿಂದ ಸಿದ್ಧವಾಗುತ್ತದೆ. ಶೀರ್ಷಿಕೆ ಯಾವುದು, ಪರಿಚ್ಛೇದ ಯಾವುದು, ಚಿತ್ರ ಎಲ್ಲಿ ಎಂಬ ರಚನೆಯನ್ನು ಎಚ್‌ಟಿಎಂಎಲ್ ಹೇಳುತ್ತದೆ. ಬಣ್ಣ, ಅಳತೆ, ಅಂತರಗಳೆಂಬ ಅಲಂಕಾರವನ್ನು ಸಿಎಸ್ಎಸ್ ಹೇಳುತ್ತದೆ. ಓದುಗರು ಗುಂಡಿಯನ್ನೊತ್ತಿದಾಗ ಏನಾಗಬೇಕೆಂಬ ವ್ಯಾಪಾರವನ್ನು ಹೇಳುವುದು ಜಾವಾಸ್ಕ್ರಿಪ್ಟ್. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ವೆಬ್ಬಿನ ಕಲ್ಪನೆಯನ್ನು ಮುಂದಿಟ್ಟಾಗ ಈ ಮೂರನೆಯದರ ಸೊಲ್ಲೇ ಇರಲಿಲ್ಲ. ಪುಟಗಳು ಅಚ್ಚಿನ ಹಾಳೆಗಳಂತೆ ನಿಶ್ಚಲವಾಗಿದ್ದವು. ಅವುಗಳಿಗೆ ಚಲನೆಯನ್ನು ಕೊಡಬೇಕೆಂಬ ಆಕಾಂಕ್ಷೆಯಿಂದ, ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ಪಟ್ಟಣದಲ್ಲಿದ್ದ ನೆಟ್‌ಸ್ಕೇಪ್ ಕಂಪನಿಯು 1995ರ ಏಪ್ರಿಲಿನಲ್ಲಿ ಬ್ರೆಂಡನ್ ಐಕ್ ಎಂಬ ತಜ್ಞರನ್ನು ನೇಮಿಸಿಕೊಂಡಿತು. ವಿದ್ವಜ್ಜನರಲ್ಲಿ ಗೌರವ ಪಡೆದಿದ್ದ ಸ್ಕೀಮ್ ಎಂಬ ಭಾಷೆಯನ್ನು ಬ್ರೌಸರಿನೊಳಗೆ ಅಳವಡಿಸುವ ಅವಕಾಶ ದೊರೆಯುವುದೆಂಬುದು ಅವರಿಗಿದ್ದ ಆಕರ್ಷಣೆ. ಅವರು ಬಂದು ಸೇರುವ ವೇಳೆಗಾಗಲೇ ಕಂಪನಿಯು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಾವಾ ಭಾಷೆಯತ್ತ ವಾಲಿತ್ತಾದ್ದರಿಂದ, ನೋಟಕ್ಕೆ ಜಾವಾದಂತಿರುವ, ಆದರೆ ಅದಕ್ಕಿಂತ ಹಗುರವಾದ ಹೊಸ ಭಾಷೆಯೊಂದನ್ನು ರಚಿಸಬೇಕೆಂಬ ಆದೇಶವಾಯಿತು.

ಅದೇ ವರ್ಷದ ಮೇ ತಿಂಗಳಿನಲ್ಲಿ, ಹತ್ತು ದಿನಗಳ ಅವಧಿಯಲ್ಲಿ, ಐಕ್ ಅವರು ಆ ಭಾಷೆಯ ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಬಾಹ್ಯರೂಪವು ಜಾವಾದಿಂದ ಬಂದಿತು. ಫಂಕ್ಷನ್ನನ್ನೂ, ಎಂದರೆ ಹೆಸರಿಟ್ಟು ಬರೆದಿಟ್ಟ ಕೆಲಸವನ್ನೂ, ಒಂದು ಅಂಕಿಯಂತೆ ಎತ್ತಿ ಕೈಯಿಂದ ಕೈಗೆ ಕೊಡಬಹುದೆಂಬ ತತ್ತ್ವವು ಸ್ಕೀಮ್‌ನಿಂದ ಬಂದಿತು. ಒಂದು ವಸ್ತುವು ಇನ್ನೊಂದು ವಸ್ತುವನ್ನೇ ಮಾದರಿಯಾಗಿಟ್ಟುಕೊಂಡು ಗುಣಗಳನ್ನು ಪಡೆಯಬಹುದೆಂಬ ವಿಚಾರವು ಸೆಲ್ಫ್ ಎಂಬ ಸಂಶೋಧನಾ ಭಾಷೆಯಿಂದ ಬಂದಿತು. ಮೊದಲು ಮೋಕಾ ಎಂದೂ ತರುವಾಯ ಲೈವ್‌ಸ್ಕ್ರಿಪ್ಟ್ ಎಂದೂ ಕರೆಸಿಕೊಂಡ ಈ ಶಿಶುವಿಗೆ 1995ರ ಡಿಸೆಂಬರ್ 4ರಂದು ನೆಟ್‌ಸ್ಕೇಪ್ ಮತ್ತು ಸನ್ ಸಂಸ್ಥೆಗಳು ಜಂಟಿಯಾಗಿ ಇಂದಿನ ಹೆಸರನ್ನು ಘೋಷಿಸಿದುವು. ಹೆಸರಿನ ಪೂರ್ವಾರ್ಧವನ್ನು ನೋಡಿ ಎರಡೂ ಒಂದೇ ಭಾಷೆಯೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅವುಗಳ ಸಂಬಂಧವು ಮುಖ್ಯವಾಗಿ ಮಾರುಕಟ್ಟೆಯದು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಜಾವಾ ವೃತ್ತಿನಿರತ ಎಂಜಿನಿಯರುಗಳಿಗೆ ಮೀಸಲೆಂದೂ, ಹೊಸ ಭಾಷೆಯು ಪುಟವಿನ್ಯಾಸಕರು, ಹವ್ಯಾಸಿಗಳು ಮುಂತಾದ ಅನನುಭವಿಗಳಿಗೆಂದೂ ಆಗ ಕಾರ್ಯವಿಭಾಗ ನಡೆದಿತ್ತು. ಅನನುಭವಿಗಳಿಗೆ ಪದೇಪದೇ ದೋಷಸೂಚನೆಗಳನ್ನು ಕೊಟ್ಟರೆ ಅವರು ಪ್ರಯತ್ನವನ್ನೇ ಕೈಬಿಟ್ಟಾರೆಂಬ ಆತಂಕವಿದ್ದುದರಿಂದ, ಸಾಧ್ಯವಾದಷ್ಟು ಮಟ್ಟಿಗೆ ಅವರ ಅಭಿಪ್ರಾಯವನ್ನು ಊಹಿಸಿಕೊಂಡು ಕೆಲಸವನ್ನು ಮುಂದುವರಿಸುವ ಗುಣವನ್ನು ಭಾಷೆಗೆ ಹುಟ್ಟಿನಲ್ಲಿಯೇ ಕೂಡಿಸಲಾಯಿತು.

ಹೆಸರು ಮತ್ತು ಬೆಲೆ

ಈ ಭಾಷೆಯನ್ನು ಕಲಿಯುವುದಕ್ಕೆ ಯಾವ ಸಾಮಗ್ರಿಯನ್ನೂ ಕೊಂಡು ತರಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಬ್ರೌಸರನ್ನು ತೆರೆದು ಎಫ್12 ಎಂಬ ಕೀಲಿಯನ್ನೊತ್ತಿದರೆ ಸಾಮಾನ್ಯವಾಗಿ ಒಂದು ಪಾರ್ಶ್ವಫಲಕವು ತೆರೆದುಕೊಳ್ಳುತ್ತದೆ. ಅದರಲ್ಲಿ ಕನ್ಸೋಲ್ ಎಂಬ ವಿಭಾಗವುಂಟು. ಅಲ್ಲಿ ಒಂದು ಸಾಲನ್ನು ಬರೆದು ಎಂಟರ್ ಒತ್ತಿದರೆ ಉತ್ತರವು ಮರುಕ್ಷಣದಲ್ಲಿ ಕೆಳಗೆ ಮೂಡುತ್ತದೆ. ನಮ್ಮ ಅಭ್ಯಾಸಕ್ಕಾಗಿ ಒಂದು ಸಣ್ಣ ಲೆಕ್ಕವನ್ನು ಇಟ್ಟುಕೊಳ್ಳೋಣ. ಹಳ್ಳಿಯ ಹಾಲಿನ ಡೇರಿಗೆ ಒಬ್ಬ ರೈತಮಹಿಳೆಯು ಬೆಳಗ್ಗೆ 5 ಲೀಟರು, ಸಂಜೆ 3 ಲೀಟರು ಹಾಲು ಹಾಕುತ್ತಾಳೆ; ಲೀಟರಿಗೆ 40 ರೂಪಾಯಿಯಂತೆ ಅವಳಿಗೆ ಸಲ್ಲಬೇಕಾದ ಹಣವೆಷ್ಟೆಂಬುದನ್ನು ಪುಟವು ತೋರಿಸಬೇಕು. ಬಾಯಿಲೆಕ್ಕದಲ್ಲಿ 320 ರೂಪಾಯಿ ಎಂದು ಯಾರಾದರೂ ಹೇಳಬಲ್ಲ ಈ ಪ್ರಶ್ನೆಯೊಳಗೆ ಭಾಷೆಯ ಮೂಲಪಾಠಗಳು ಬಹುಮಟ್ಟಿಗೆ ಅಡಗಿವೆ.

ಮೊದಲನೆಯದು ವೇರಿಯಬಲ್, ಎಂದರೆ ಒಂದು ಬೆಲೆಗೆ ಇಟ್ಟ ಹೆಸರು. ಭಾಷೆಯ ಆಜ್ಞಾಪದಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕನ್ನಡದಲ್ಲಿ ಕೊಟ್ಟಿದೆ. ಆದರೆ ನಾವು ಇಡುವ ಹೆಸರುಗಳಿಗೆ ಆ ನಿರ್ಬಂಧವಿಲ್ಲ. ಜಗತ್ತಿನ ಬಹುತೇಕ ಲಿಪಿಗಳನ್ನು ಒಳಗೊಂಡ ಯೂನಿಕೋಡ್ ಪಟ್ಟಿಯಲ್ಲಿ ಅಕ್ಷರವೆಂದು ಮಾನ್ಯವಾದುದನ್ನು ಹೆಸರಿನಲ್ಲಿ ಬಳಸಲು ಜಾವಾಸ್ಕ್ರಿಪ್ಟ್ ಅನುಮತಿಸುವುದರಿಂದ, ‘ಲೆಟ್ ಮೊತ್ತ = 0’ ಎಂಬ ಸಾಲಿನಲ್ಲಿ ‘ಮೊತ್ತ’ ಎಂಬುದನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದರೂ ಬ್ರೌಸರು ಅದನ್ನು ತಡೆಯಿಲ್ಲದೆ ಸ್ವೀಕರಿಸುತ್ತದೆ. ‘ಲೆಟ್’ ಎಂದರೆ ಮುಂದೆ ಬದಲಾಗಬಹುದಾದ ಹೆಸರು. ‘ಕಾನ್ಸ್ಟ್’ ಎಂದರೆ ಒಮ್ಮೆ ಕಟ್ಟಿದ ಮೇಲೆ ಬೇರೆ ಬೆಲೆಗೆ ಕಟ್ಟಲಾಗದ ಹೆಸರು. ಹಾಲಿನ ದರವು ಲೆಕ್ಕದ ನಡುವೆ ಬದಲಾಗಕೂಡದಾದ್ದರಿಂದ ಅದಕ್ಕೆ ‘ಕಾನ್ಸ್ಟ್’ ಯೋಗ್ಯ. ಮೊತ್ತವು ಬೆಳೆಯುತ್ತ ಹೋಗುವುದರಿಂದ ಅದಕ್ಕೆ ‘ಲೆಟ್’. ಈ ಎರಡು ಪದಗಳೂ ಭಾಷೆಗೆ ಅಧಿಕೃತವಾಗಿ ಸೇರಿದುದು 2015ರಲ್ಲಿ; ಅದಕ್ಕೆ ಮೊದಲಿನ ಇಪ್ಪತ್ತು ವರ್ಷಗಳ ಪ್ರೋಗ್ರಾಮುಗಳಲ್ಲೆಲ್ಲ ‘ವಾರ್’ ಎಂಬ ಪದವೇ ಕಾಣಸಿಗುತ್ತದೆ.

ಇನ್ನು ಮನ್ನಣೆಯ ಮೊದಲ ಉದಾಹರಣೆ. ‘ಮೊತ್ತ’ ಎಂದು ಹೆಸರಿಟ್ಟು, ಮುಂದೆ ಅದಕ್ಕೆ ಬೆಲೆಯನ್ನು ಕೊಡುವಾಗ ಒತ್ತಕ್ಷರವನ್ನು ಮರೆತು ‘ಮೊತ’ ಎಂದು ಬರೆದೆವೆನ್ನಿ. ಕಟ್ಟುನಿಟ್ಟಾದ ಭಾಷೆಯಾದರೆ ಅಂಥ ಹೆಸರನ್ನು ತಾನು ಕೇಳಿಲ್ಲವೆಂದು ಅಲ್ಲಿಯೇ ನಿಲ್ಲುತ್ತಿತ್ತು. ಜಾವಾಸ್ಕ್ರಿಪ್ಟ್ ತನ್ನ ಮೂಲಸ್ವಭಾವದಂತೆ ‘ಮೊತ’ ಎಂಬ ಹೊಸ ಹೆಸರನ್ನು ಸೃಷ್ಟಿಸಿ, ಬೆಲೆಯನ್ನು ಅದಕ್ಕೆ ಒಪ್ಪಿಸಿ, ಏನೂ ನಡೆಯದಂತೆ ಮುಂದುವರಿಯುತ್ತದೆ. ಕೊನೆಗೆ ಪುಟದ ಮೇಲೆ ಸೊನ್ನೆ ಕಾಣಿಸಿದಾಗ ಹಣವೆಲ್ಲಿ ಹೋಯಿತೆಂದು ಹುಡುಕುವ ಹೊರೆ ನಮ್ಮ ಮೇಲೆ ಬೀಳುತ್ತದೆ. ಈ ಅತಿಸೌಜನ್ಯವನ್ನು ತಡೆಯುವ ಉಪಾಯವೂ ಭಾಷೆಯಲ್ಲಿಯೇ ಉಂಟು. ಪ್ರೋಗ್ರಾಮಿನ ತಲೆಯಲ್ಲಿ ‘ಯೂಸ್ ಸ್ಟ್ರಿಕ್ಟ್’ ಎಂಬ ಎರಡು ಪದಗಳನ್ನು ಉದ್ಧರಣಚಿಹ್ನೆಯೊಳಗೆ ಬರೆದರೆ, 2009ರ ಡಿಸೆಂಬರಿನಲ್ಲಿ ಹೊರಬಂದ ಐದನೆಯ ಆವೃತ್ತಿಯಿಂದೀಚೆಗೆ, ಇಂಥ ಅಪರಿಚಿತ ಹೆಸರಿಗೆ ಬೆಲೆ ಕೊಟ್ಟೊಡನೆಯೇ ದೋಷಸೂಚನೆ ಬರುತ್ತದೆ.

ಐದೂ ಮೂರೂ ಐವತ್ತಮೂರು

ಡೇರಿಯ ಪುಟದಲ್ಲಿ ಎರಡು ಚೌಕಗಳನ್ನಿಟ್ಟು, ಬೆಳಗಿನ ಹಾಲನ್ನು ಒಂದರಲ್ಲಿಯೂ ಸಂಜೆಯ ಹಾಲನ್ನು ಮತ್ತೊಂದರಲ್ಲಿಯೂ ತುಂಬಿಸಿ, ಎರಡನ್ನೂ ಕೂಡಿಸಿ ದರದಿಂದ ಗುಣಿಸಿದರೆ ಬರುವ ಉತ್ತರವು 320 ಆಗದೆ 2120 ಆಗುತ್ತದೆ. ರೈತಮಹಿಳೆಗೆ ಇದು ಅಪ್ರಿಯವಾಗದಿರಬಹುದು. ಡೇರಿಯ ಕಾರ್ಯದರ್ಶಿಗಂತೂ ಗಾಬರಿಯ ವಿಷಯ. ಕಾರಣವಿಷ್ಟೆ: ಚೌಕದಲ್ಲಿ ತುಂಬಿದ ಯಾವುದೇ ಬರಹವನ್ನು ಪುಟವು ನಮ್ಮ ಪ್ರೋಗ್ರಾಮಿಗೆ ಒಪ್ಪಿಸುವುದು ಸ್ಟ್ರಿಂಗ್ ಆಗಿ, ಎಂದರೆ ಅಕ್ಷರಮಾಲೆಯಾಗಿ, ನೋಟಕ್ಕೆ ಅಂಕಿಯಾದರೂ ಅದು ಸಂಖ್ಯೆಯಲ್ಲ. ಕೂಡುವ ಚಿಹ್ನೆಗೆ ಈ ಭಾಷೆಯಲ್ಲಿ ಎರಡು ಅರ್ಥಗಳಿವೆ. ಎರಡು ಕಡೆಯೂ ಸಂಖ್ಯೆಗಳಿದ್ದರೆ ಅದು ಸಂಕಲನ; ಯಾವುದಾದರೂ ಒಂದು ಕಡೆ ಅಕ್ಷರಮಾಲೆಯಿದ್ದರೆ ಅದು ಜೋಡಣೆ. ಆದಕಾರಣ 5ರ ಪಕ್ಕದಲ್ಲಿ 3 ಬಂದು ನಿಂತು 53 ಆಯಿತು. ಆಮೇಲಿನ ಗುಣಾಕಾರದಲ್ಲಿ ಜೋಡಣೆಯೆಂಬ ಅರ್ಥಕ್ಕೆ ಅವಕಾಶವಿಲ್ಲವಾದ್ದರಿಂದ, ಅದೇ 53 ಎಂಬ ಅಕ್ಷರಮಾಲೆಯನ್ನು ಯಂತ್ರವು ತಾನೇ ಸಂಖ್ಯೆಯಾಗಿ ಮಾರ್ಪಡಿಸಿಕೊಂಡು 40ರಿಂದ ಗುಣಿಸಿತು. ಒಂದೇ ಲೆಕ್ಕದೊಳಗೆ ಎರಡು ಸಲ ಊಹೆ ನಡೆಯಿತು. ಎರಡೂ ಒಂದಕ್ಕೊಂದು ವಿರುದ್ಧವಾದ ಊಹೆಗಳು. ಒಂದರ ಬಗೆಗೂ ನಮಗೆ ಸುದ್ದಿ ಬರಲಿಲ್ಲ.

ಪರಿಹಾರವು ಸುಲಭ: ಚೌಕದಿಂದ ಬಂದುದನ್ನು ಮೊದಲು ‘ನಂಬರ್’ ಎಂಬ ಫಂಕ್ಷನ್ನಿಗೆ ಒಪ್ಪಿಸಿ ಸಂಖ್ಯೆಯಾಗಿಸಿಕೊಳ್ಳುವುದು. ಆದರೆ ಅಲ್ಲಿಯೂ ಎಚ್ಚರ ಬೇಕು. ಚೌಕವನ್ನು ಖಾಲಿ ಬಿಟ್ಟರೆ ‘ನಂಬರ್’ ಅದನ್ನು ಸೊನ್ನೆಯೆಂದು ಗ್ರಹಿಸುತ್ತದೆ. ಸಂಜೆ ಹಾಲೇ ಹಾಕಲಿಲ್ಲವೆಂಬುದಕ್ಕೂ, ಹಾಕಿದ್ದನ್ನು ಬರೆಯಲು ಮರೆತರೆಂಬುದಕ್ಕೂ ಭೇದವೇ ಉಳಿಯುವುದಿಲ್ಲ. ಯಾರಾದರೂ ಕನ್ನಡದ ಅಂಕಿಯಲ್ಲಿ ‘೫’ ಎಂದು ಬರೆದರೆ ಫಲವು ಇದಕ್ಕೆ ವಿಪರೀತ. ಯೂನಿಕೋಡ್ ಅದನ್ನು ಅಂಕಿಯೆಂದು ಗುರುತಿಸಿದ್ದರೂ ‘ನಂಬರ್’ ಗುರುತಿಸುವುದಿಲ್ಲ, ‘ಇದು ಸಂಖ್ಯೆಯಲ್ಲ’ ಎಂಬರ್ಥದ ‘ನ್ಯಾನ್’ ಎಂಬ ವಿಚಿತ್ರ ಬೆಲೆಯನ್ನು ಹಿಂದಿರುಗಿಸುತ್ತದೆ. ಕನ್ನಡ ಪುಟಗಳನ್ನು ಕಟ್ಟುವವರು ೦ಯಿಂದ ೯ರವರೆಗಿನ ಅಂಕಿಗಳನ್ನು ಮೊದಲೇ ಮಾರ್ಪಡಿಸಿಕೊಳ್ಳುವ ಒಂದು ಸಣ್ಣ ಫಂಕ್ಷನ್ನನ್ನು ತಾವೇ ಬರೆದುಕೊಳ್ಳಬೇಕಾಗುತ್ತದೆ. ಈ ನ್ಯಾನ್ ಯಾವ ಸಂಖ್ಯೆಯೊಡನೆ ಕೂಡಿದರೂ ಫಲವು ನ್ಯಾನ್ ಆಗಿಯೇ ಇರುತ್ತದೆ. ಅದು ತನಗೆ ತಾನೇ ಸಮವಲ್ಲವೆಂಬುದು ಅದರ ಇನ್ನೊಂದು ವೈಚಿತ್ರ್ಯ. ಯಾವುದೋ ಒಂದು ದಿನದ ಚೌಕದಲ್ಲಿ ಹುಟ್ಟಿದ ನ್ಯಾನ್ ಇಡೀ ತಿಂಗಳ ಮೊತ್ತವನ್ನೇ ನುಂಗಿಬಿಡಬಲ್ಲದು.

ಹೋಲಿಕೆಯ ಚಿಹ್ನೆಗಳಲ್ಲಿಯೂ ಇದೇ ದ್ವಂದ್ವವುಂಟು. ಸಮಚಿಹ್ನೆಯನ್ನು ಎರಡು ಸಲ ಬರೆದರೆ, ಎರಡು ಬೆಲೆಗಳ ಜಾತಿ ಬೇರೆಯಾದರೂ ಮಾರ್ಪಡಿಸಿಕೊಂಡು ನೋಡುವ ಉದಾರ ಹೋಲಿಕೆ. ಅದರ ದೃಷ್ಟಿಯಲ್ಲಿ ಅಕ್ಷರಮಾಲೆಯಾದ 5ಕ್ಕೂ ಸಂಖ್ಯೆಯಾದ 5ಕ್ಕೂ ಅಂತರವಿಲ್ಲ, ಖಾಲಿ ಅಕ್ಷರಮಾಲೆಗೂ ಸೊನ್ನೆಗೂ ಅಂತರವಿಲ್ಲ. ಮೂರು ಸಲ ಬರೆದರೆ ಜಾತಿಯನ್ನೂ ಬೆಲೆಯನ್ನೂ ಒಟ್ಟಿಗೆ ಪರೀಕ್ಷಿಸುವ ನಿಷ್ಠುರ ಹೋಲಿಕೆ. ಕಲಿಯುವವರು ಮೊದಲಿನಿಂದಲೇ ಮೂರನ್ನು ರೂಢಿಮಾಡಿಕೊಳ್ಳುವುದು ಕ್ಷೇಮ. ‘ಇಫ್’ ಎಂಬ ನಿಬಂಧನೆಯ ವಾಕ್ಯವೂ ಇಂಥದೇ ಒಂದು ಔದಾರ್ಯವನ್ನು ಮೆರೆಯುತ್ತದೆ. ಸೊನ್ನೆ, ಖಾಲಿ ಅಕ್ಷರಮಾಲೆ, ನ್ಯಾನ್, ಶೂನ್ಯಸೂಚಕಗಳಾದ ‘ನಲ್’ ಮತ್ತು ‘ಅನ್‌ಡಿಫೈನ್ಡ್’ ಇವೆಲ್ಲವನ್ನೂ ಅದು ಸುಳ್ಳೆಂದೇ ಎಣಿಸುತ್ತದೆ. ಹೀಗಾಗಿ ‘ಲೀಟರು ಇದ್ದರೆ ಪುಸ್ತಕದಲ್ಲಿ ಬರೆ’ ಎಂಬ ಸರಳವಾದ ಆಜ್ಞೆಯು, ನಿಜವಾಗಿಯೇ ಸೊನ್ನೆ ಲೀಟರೆಂದು ಬರೆದ ದಿನವನ್ನು ಬಿಟ್ಟುಬಿಡುತ್ತದೆ.

ಅಂಕಿ ಮತ್ತು ಅಕ್ಷರ

ಸಂಖ್ಯೆಯೆಂದು ನಿಶ್ಚಯವಾದ ಮೇಲೂ ಒಂದು ಆಶ್ಚರ್ಯವು ಕಾದಿರುತ್ತದೆ. ಕನ್ಸೋಲಿನಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ ಬರುವ ಉತ್ತರ 0.30000000000000004. ಇದು ಭಾಷೆಯ ಅಪರಾಧವಲ್ಲ; ಅದು ಅನುಸರಿಸುವ ಐಇಇಇ 754 ಎಂಬ ಅಂತರರಾಷ್ಟ್ರೀಯ ಮಾನದಂಡದ, ಇನ್ನೂ ಮೂಲಕ್ಕೆ ಹೋದರೆ ದ್ವಿಮಾನ ಗಣನೆಯ ಪರಿಣಾಮ. ಒಂದನ್ನು ಮೂರರಿಂದ ಭಾಗಿಸಿದ ಫಲವನ್ನು ದಶಮಾಂಶದಲ್ಲಿ ಬರೆಯಹೊರಟರೆ ಮೂರುಗಳ ಸಾಲು ಮುಗಿಯುವುದೇ ಇಲ್ಲವಷ್ಟೆ. ಹಾಗೆಯೇ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಿರುವ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವು ಮುಗಿಯದ ಭಿನ್ನರಾಶಿ. ಯಂತ್ರವು ಪ್ರತಿಯೊಂದು ಸಂಖ್ಯೆಗೂ 64 ಬಿಟ್ಟುಗಳ ಸ್ಥಳವನ್ನು ಮಾತ್ರ ಕೊಟ್ಟಿರುವುದರಿಂದ ಸಾಲನ್ನು ಎಲ್ಲಿಯೋ ಕತ್ತರಿಸಲೇಬೇಕು. ಕತ್ತರಿಸಿದ ತುಣುಕು ಹದಿನೇಳನೆಯ ಸ್ಥಾನದಲ್ಲಿ ತಲೆಯೆತ್ತುತ್ತದೆ. ಪೂರ್ಣಾಂಕಗಳಿಗೂ ಇಂಥ ಸೀಮೆಯುಂಟು: 9,00,71,99,25,47,40,991ರವರೆಗಿನ ಪೂರ್ಣಾಂಕಗಳು ಮಾತ್ರ ನಿರ್ದುಷ್ಟ, ಅದರ ಮುಂದಿನ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಉತ್ತರವು ನಿಂತಲ್ಲಿಯೇ ನಿಲ್ಲುತ್ತದೆ. ಹಣದ ಲೆಕ್ಕವನ್ನು ರೂಪಾಯಿಯ ಭಿನ್ನರಾಶಿಯಲ್ಲಿ ಇಡದೆ ಪೈಸೆಗಳ ಪೂರ್ಣಾಂಕದಲ್ಲಿ ಇಟ್ಟು, ತೋರಿಸುವಾಗ ಮಾತ್ರ ನೂರರಿಂದ ಭಾಗಿಸಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಅಕ್ಷರಮಾಲೆಗಳ ವಿಚಾರದಲ್ಲಿ ಕನ್ನಡಿಗರಿಗೆ ಇನ್ನೂ ವಿಶೇಷವಾದ ಪಾಠವಿದೆ. ‘ಕನ್ನಡ’ ಎಂಬ ಪದದ ಉದ್ದವನ್ನು ಕೇಳಿದರೆ ಜಾವಾಸ್ಕ್ರಿಪ್ಟ್ 5 ಎನ್ನುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಪದಕ್ಕೆ 6 ಎನ್ನುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳೊಳಗೆ ಸ್ವರಗಳು, ವ್ಯಂಜನಗಳು, ಸ್ವರಚಿಹ್ನೆಗಳು ಮತ್ತು ಹಲಂತಚಿಹ್ನೆ ಪ್ರತ್ಯೇಕವಾಗಿವೆಯೇ ಹೊರತು ಸಂಯುಕ್ತಾಕ್ಷರಗಳಿಗೆ ಸ್ಥಾನವಿಲ್ಲ. ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಚಿಹ್ನೆ ಎಂಬ ಆರು ಅಂಶಗಳನ್ನು ಒಂದೇ ಅಕ್ಷರವಾಗಿ ಬೆಸೆಯುವುದು ಪರದೆಯ ಮೇಲೆ ಚಿತ್ರಿಸುವ ಹಂತದ ಕೆಲಸ; ಭಾಷೆಯು ಎಣಿಸುವುದು ಬೆಸೆಯುವ ಮೊದಲಿನ ಬಿಡಿಭಾಗಗಳನ್ನು. ಆದುದರಿಂದ ಶೀರ್ಷಿಕೆಯೊಂದನ್ನು ಇಷ್ಟೇ ಉದ್ದಕ್ಕೆ ಕತ್ತರಿಸೆಂದು ಕುರುಡಾಗಿ ಹೇಳಿದರೆ, ಒತ್ತಕ್ಷರವನ್ನು ಕಳೆದುಕೊಂಡ ವ್ಯಂಜನವು ಹಲಂತದೊಡನೆ ಅರೆಯಾಗಿ ಉಳಿಯುತ್ತದೆ. ಇನ್ನೊಂದು ಸೂಕ್ಷ್ಮವೂ ಉಂಟು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಕೊ’ ಎಂದೇ ಕಂಡರೂ ಹೋಲಿಸಿ ನೋಡಿದಾಗ ಅಸಮವೆಂಬ ಉತ್ತರ ಬರುತ್ತದೆ. ಇಂಥ ಎಡೆಯಲ್ಲಿ ಎರಡನ್ನೂ ‘ನಾರ್ಮಲೈಸ್’ ಎಂಬ ಫಂಕ್ಷನ್ನಿನಿಂದ ಏಕರೂಪಕ್ಕೆ ತಂದು ತರುವಾಯ ಹೋಲಿಸಬೇಕು.

ಹಲವು ಬೆಲೆಗಳನ್ನು ಸಾಲಾಗಿ ಜೋಡಿಸಿಡುವ ಪಟ್ಟಿಗೆ ಅರೇ ಎಂದು ಹೆಸರು. ತಿಂಗಳಿನ ಹಾಲಿನ ಪ್ರಮಾಣಗಳನ್ನು ಒಂದು ಅರೇಯಲ್ಲಿಟ್ಟು, ‘ಫಾರ್’ ಎಂಬ ಲೂಪಿನಿಂದ ಒಂದೊಂದನ್ನಾಗಿ ತೆಗೆದು ಮೊತ್ತಕ್ಕೆ ಕೂಡಿಸುತ್ತ ಹೋಗಬಹುದು. ಎಣಿಕೆಯು ಸೊನ್ನೆಯಿಂದ ಆರಂಭವಾಗುವುದರಿಂದ ಮೂವತ್ತು ದಿನಗಳ ಪಟ್ಟಿಯ ಕೊನೆಯ ಸ್ಥಾನವು 29. ಒಂದು ಹೆಜ್ಜೆ ಮುಂದೆ ಹೋಗಿ 30ನೆಯ ಸ್ಥಾನವನ್ನು ಕೇಳಿದರೂ ಭಾಷೆ ಆಕ್ಷೇಪಿಸದೆ ‘ಅನ್‌ಡಿಫೈನ್ಡ್’ ಎಂಬ ಬೆಲೆಯನ್ನು ಕೊಡುತ್ತದೆ. ಅದನ್ನು ಮೊತ್ತಕ್ಕೆ ಕೂಡಿಸಿದೊಡನೆ ಹಿಂದೆ ಕಂಡ ನ್ಯಾನ್ ಪ್ರತ್ಯಕ್ಷವಾಗುತ್ತದೆ. 10, 9, 1 ಎಂಬ ಸಂಖ್ಯೆಗಳನ್ನು ‘ಸಾರ್ಟ್’ ಎಂದು ಹೇಳಿ ಏರಿಕೆಯಲ್ಲಿ ಜೋಡಿಸಹೊರಟರೆ 1, 10, 9 ಎಂಬ ಅನುಕ್ರಮ ಬರುವುದು ಇನ್ನೊಂದು ಸೋಜಿಗ. ಬೇರೆ ಸೂಚನೆಯಿಲ್ಲದಿದ್ದಾಗ ಅದು ಸಂಖ್ಯೆಗಳನ್ನೂ ಅಕ್ಷರಮಾಲೆಗಳಂತೆಯೇ ಹೋಲಿಸುತ್ತದೆ. ದಿನಾಂಕಗಳಲ್ಲಿ ತಿಂಗಳುಗಳೂ ಸೊನ್ನೆಯಿಂದಲೇ ಎಣಿಕೆಯಾಗುತ್ತವೆ, ದಿನಗಳು ಮಾತ್ರ ಒಂದರಿಂದ. ಜಾವಾ ಭಾಷೆಯ ಅಂದಿನ ಪದ್ಧತಿಯನ್ನು ಹಾಗೆಯೇ ತಂದುದರ ಫಲವಿದು. ನಮ್ಮ ರಾಜ್ಯವು ಉದಯವಾದ 1956ರ ನವೆಂಬರ್ 1ನ್ನು ಈ ಭಾಷೆಯಲ್ಲಿ ಬರೆಯಬೇಕಾದರೆ 1956, 10, 1 ಎನ್ನಬೇಕು. 2023, 1, 31 ಎಂದು ಬರೆದರೆ ಅದು 2023ರ ಫೆಬ್ರವರಿ 31. ಅಂಥ ದಿನವಿಲ್ಲದ ಕಾರಣ ಉಳಿದ ಮೂರು ದಿನಗಳನ್ನು ಮುಂದಿನ ತಿಂಗಳಿಗೆ ಸಾಗಿಸಿ ಮಾರ್ಚ್ 3 ಎಂಬ ಉತ್ತರವನ್ನು ಕೊಡಲಾಗುತ್ತದೆ.

ಫಂಕ್ಷನ್ ಮತ್ತು ಘಟನೆ

ಮತ್ತೆ ಮತ್ತೆ ಮಾಡಬೇಕಾದ ಕೆಲಸಕ್ಕೆ ಹೆಸರಿಟ್ಟು ಒಂದೆಡೆ ಬರೆದಿಡುವುದೇ ಫಂಕ್ಷನ್. ಲೀಟರು, ದರ ಎಂಬ ಎರಡು ಬೆಲೆಗಳನ್ನು ಸ್ವೀಕರಿಸಿ ಹಣವನ್ನು ಹಿಂದಿರುಗಿಸುವ ಫಂಕ್ಷನ್ನೊಂದನ್ನು ಒಮ್ಮೆ ಬರೆದರೆ ಊರಿನ ಹಾಲು ಹಾಕುವವರೆಲ್ಲರ ಲೆಕ್ಕಕ್ಕೂ ಅದೇ ಸಾಕು. ಎರಡು ಬೆಲೆಗಳನ್ನು ಕೇಳುವ ಫಂಕ್ಷನ್ನಿಗೆ ಒಂದನ್ನೇ ಕೊಟ್ಟರೆ ಎರಡನೆಯದು ‘ಅನ್‌ಡಿಫೈನ್ಡ್’ ಎಂದಾಗುತ್ತದೆ, ಮೂರನ್ನು ಕೊಟ್ಟರೆ ಮೂರನೆಯದು ಉಪೇಕ್ಷಿತವಾಗುತ್ತದೆ. ಎರಡು ಪ್ರಸಂಗಗಳಲ್ಲಿಯೂ ದೂರು ಇಲ್ಲ. ಅರ್ಧವಿರಾಮದ ಔದಾರ್ಯವು ಅಪಾಯವಾಗುವುದೂ ಇಲ್ಲಿಯೇ: ‘ರಿಟರ್ನ್’ ಎಂದು ಬರೆದು, ಹಿಂದಿರುಗಿಸಬೇಕಾದ ಬೆಲೆಯನ್ನು ಅಂದಕ್ಕಾಗಿ ಕೆಳಗಿನ ಸಾಲಿಗೆ ಇಳಿಸಿದರೆ, ಯಂತ್ರವು ಮೊದಲ ಸಾಲಿನ ಕೊನೆಯಲ್ಲಿಯೇ ವಾಕ್ಯ ಮುಗಿಯಿತೆಂದು ಭಾವಿಸಿ ಬರಿಗೈಯಲ್ಲಿ ಹಿಂದಿರುಗುತ್ತದೆ.

ಸ್ಕೀಮ್‌ನಿಂದ ಪಡೆದ, ಫಂಕ್ಷನ್ನನ್ನು ಕೈಯಿಂದ ಕೈಗೆ ಕೊಡಬಹುದೆಂಬ ಸಂಪತ್ತಿನ ನಿಜವಾದ ಉಪಯೋಗವು ಪುಟದ ಮೇಲಿನ ಗುಂಡಿಗೆ ಕೆಲಸವನ್ನು ಒಪ್ಪಿಸುವಾಗ ಕಾಣುತ್ತದೆ. ‘ಆ್ಯಡ್ ಇವೆಂಟ್ ಲಿಸನರ್’ ಎಂಬ ಆಜ್ಞೆಯ ಮೂಲಕ, ಗುಂಡಿಯನ್ನು ಒತ್ತಿದಾಗ ನಡೆಸಬೇಕಾದ ಫಂಕ್ಷನ್ನನ್ನು ಬ್ರೌಸರಿಗೆ ಮುಂಚಿತವಾಗಿ ಕೊಟ್ಟಿಡುತ್ತೇವೆ. ಅದು ಯಾವಾಗ ನಡೆಯಬೇಕೆಂಬುದನ್ನು ಓದುಗರ ಬೆರಳು ನಿರ್ಧರಿಸುತ್ತದೆ. ಮೇಲಿನಿಂದ ಕೆಳಗೆ ಕ್ರಮವಾಗಿ ನಡೆದು ಮುಗಿಯುವ ಪ್ರೋಗ್ರಾಮಿಗೂ, ಹೀಗೆ ಘಟನೆಗಳಿಗಾಗಿ ಕಾದಿರುವ ಪ್ರೋಗ್ರಾಮಿಗೂ ಇರುವ ವ್ಯತ್ಯಾಸವನ್ನು ಗ್ರಹಿಸಿದವರಿಗೆ ವೆಬ್ಬಿನ ಭಾಷೆಯ ಹೃದಯವೇ ಕೈಗೆ ಸಿಕ್ಕಿದಂತೆ.

ಇಲ್ಲಿ ಯಾರಿಗಾದರೂ ಒಂದು ಸಂದೇಹ ಬರಬಹುದು: ಗುಂಡಿಗಳು ಹಲವು, ಗಡಿಯಾರದ ಎಣಿಕೆಗಳು ಹಲವು, ದೂರದ ಸರ್ವರಿನಿಂದ ಬರಬೇಕಾದ ಉತ್ತರಗಳು ಹಲವು, ಒಂದು ಪುಟದ ಜಾವಾಸ್ಕ್ರಿಪ್ಟ್ ಸಾಮಾನ್ಯವಾಗಿ ಒಂದು ಹೊತ್ತಿನಲ್ಲಿ ಒಂದೇ ಕೆಲಸವನ್ನು ಮಾಡಬಲ್ಲದಾದರೆ ಇವೆಲ್ಲವನ್ನೂ ನಿಭಾಯಿಸುವ ಬಗೆ ಹೇಗೆ? ಏಕೋಪಾಧ್ಯಾಯ ಶಾಲೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ನಾಲ್ಕು ತರಗತಿಗಳಿಗೂ ಒಬ್ಬರೇ ಮೇಷ್ಟರು. ನಾಲ್ಕನೆಯ ತರಗತಿಗೆ ಲೆಕ್ಕವನ್ನು ಕೊಟ್ಟು, ಎರಡನೆಯದಕ್ಕೆ ಕಾಪಿ ಬರೆಯಲು ಹೇಳಿ, ತಾವು ಒಂದನೆಯ ತರಗತಿಗೆ ಕಾಗುಣಿತವನ್ನು ಹೇಳಿಕೊಡುತ್ತಿರುತ್ತಾರೆ. ನಡುವೆ ‘ಲೆಕ್ಕ ಆಯ್ತು ಸಾರ್’ ಎಂದು ಹಿಂದಿನಿಂದ ಕೂಗು ಬಂದರೂ ಹಿಡಿದ ಪಾಠವನ್ನು ಮುಗಿಸದೆ ಅತ್ತ ತಿರುಗುವುದಿಲ್ಲ. ಸ್ಲೇಟು ಹಿಡಿದವರು ಸಾಲಾಗಿ ನಿಲ್ಲಬೇಕು, ಸರದಿ ಬಂದಾಗ ತೋರಿಸಬೇಕು. ಇವೆಂಟ್ ಲೂಪ್ ಎಂದು ಕರೆಯುವ ವ್ಯವಸ್ಥೆಯೂ ಇಷ್ಟೆ. ಸೊನ್ನೆ ಮಿಲಿಸೆಕೆಂಡಿನ ತರುವಾಯ ನಡೆಸೆಂದು ‘ಸೆಟ್ ಟೈಮ್‌ಔಟ್’ ಮೂಲಕ ಒಪ್ಪಿಸಿದ ಕೆಲಸವೂ ಈಗ ನಡೆಯುತ್ತಿರುವ ಕೆಲಸವು ಮುಗಿಯುವವರೆಗೆ ಸರದಿಯಲ್ಲಿ ಕಾಯುತ್ತದೆ. ಕೋಟಿ ಸಲ ಸುತ್ತುವ ಲೂಪೊಂದನ್ನು ಅಚಾತುರ್ಯದಿಂದ ಹಚ್ಚಿಬಿಟ್ಟರೆ ಅಷ್ಟು ಹೊತ್ತೂ ಗುಂಡಿಗಳು ಸ್ತಬ್ಧ. ಸರ್ವರಿನ ಉತ್ತರಕ್ಕಾಗಿ ಕಾಯುವ ಸಂದರ್ಭಗಳನ್ನು ಓದಲು ಸುಲಭವಾದ ರೀತಿಯಲ್ಲಿ ಬರೆಯುವುದಕ್ಕೆಂದು 2015ರಲ್ಲಿ ಪ್ರಾಮಿಸ್ ಎಂಬ ಸಾಧನವೂ, 2017ರಲ್ಲಿ ‘ಅಸಿಂಕ್’, ‘ಅವೇಟ್’ ಎಂಬ ಪದಗಳೂ ಭಾಷೆಗೆ ಸೇರಿದುವು. ಇಲ್ಲಿಯೂ ‘ಅವೇಟ್’ ಎಂಬುದನ್ನು ಮರೆತರೆ ಆಕ್ಷೇಪಣೆ ಬಾರದು. ಬೆಲೆಯ ಬದಲಿಗೆ, ಮುಂದೆ ಬರಲಿರುವ ಬೆಲೆಯ ವಾಗ್ದಾನವಷ್ಟೇ ಕೈಗೆ ಬರುತ್ತದೆ.

ತಿದ್ದಲಾಗದ ತಪ್ಪುಗಳು

ಇಷ್ಟೊಂದು ವಕ್ರತೆಗಳು ಗೊತ್ತಿದ್ದ ಮೇಲೆ ತಜ್ಞರು ಅವುಗಳನ್ನೇಕೆ ತಿದ್ದಲಿಲ್ಲವೆಂದು ಕೇಳುವುದು ಸಹಜ. ಭಾಷೆಯ ಒಡೆತನವು ಬಹುಬೇಗನೆ ಒಂದೇ ಕಂಪನಿಯ ಕೈತಪ್ಪಿತು. 1996ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ಜೆಸ್ಕ್ರಿಪ್ಟ್ ಎಂಬ ಹೆಸರಿನಿಂದ ಅದರ ಪ್ರತಿರೂಪವನ್ನು ಹೊರತಂದಿತು. ಎರಡು ಕವಲುಗಳು ಬೇರೆಬೇರೆಯಾಗಿ ಬೆಳೆಯದಂತೆ ಜಿನೀವಾದ ಎಕ್ಮಾ ಸಂಸ್ಥೆಯು 1997ರ ಜೂನಿನಲ್ಲಿ ಎಕ್ಮಾ-262 ಎಂಬ ಮಾನದಂಡವನ್ನು ಪ್ರಕಟಿಸಿತು. ಅಂದಿನಿಂದ ಭಾಷೆಯ ನಿಯಮಗಳನ್ನು ನಿರ್ಣಯಿಸುವುದು ಅದರ ಟಿಸಿ39 ಎಂಬ ಸಮಿತಿ. ಆ ಸಮಿತಿಗೆ ಒಂದು ಅಲಿಖಿತ ವ್ರತವುಂಟು: ಹಿಂದೆ ಬರೆದ ಪುಟಗಳು ಇಂದಿನ ಬ್ರೌಸರಿನಲ್ಲಿಯೂ ನಡೆಯಬೇಕು. ಪುಸ್ತಕದ ಹೊಸ ಮುದ್ರಣದಲ್ಲಿ ತಪ್ಪೋಲೆಯನ್ನು ಸೇರಿಸುವಂತೆ ವೆಬ್ಬನ್ನು ತಿದ್ದಲಾಗದು. ಬರೆದವರೇ ಮರೆತ ಪುಟಗಳು ಯಾರಿಗೆ ಇನ್ನೂ ಉಪಯೋಗವಾಗುತ್ತಿವೆಯೋ ಬಲ್ಲವರಿಲ್ಲ.

ಎರಡು ನಿದರ್ಶನಗಳು ಸಾಕು. ‘ನಲ್’ ಎಂಬುದರ ಜಾತಿಯನ್ನು ಕೇಳಿದರೆ ಭಾಷೆಯು ‘ಆಬ್ಜೆಕ್ಟ್’ ಎಂದು ಉತ್ತರಿಸುತ್ತದೆ. 1995ರ ಮೊದಲ ಮಾದರಿಯಲ್ಲಿ ಬೆಲೆಗಳ ಜಾತಿಯನ್ನು ಗುರುತಿಸಲು ಬಳಸಿದ ಬಿಟ್ಟುಗಳು ಎರಡಕ್ಕೂ ಒಂದೇ ಆಗಿದ್ದುದರಿಂದ ಉಂಟಾದ ಪ್ರಮಾದವದು. ಅದನ್ನು ಸರಿಪಡಿಸುವ ಸೂಚನೆ ಸಮಿತಿಯ ಮುಂದೆ ಬಂದಿತ್ತು. ಹಳೆಯ ಪುಟಗಳು ಕೆಡುತ್ತವೆಂಬ ಕಾರಣದಿಂದ ಅದನ್ನು ಕೈಬಿಡಲಾಯಿತು. ಎರಡನೆಯದು ಈಚಿನದು. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದೇ ಸಾಲಾಗಿಸುವ ಹೊಸ ಫಂಕ್ಷನ್ನಿಗೆ ‘ಫ್ಲಾಟನ್’ ಎಂಬ ಸಹಜವಾದ ಹೆಸರನ್ನು ಯೋಜಿಸಿದ್ದರು. 2018ರಲ್ಲಿ ಅದನ್ನು ಫೈರ್‌ಫಾಕ್ಸಿನ ಪರೀಕ್ಷಾರ್ಥ ಆವೃತ್ತಿಯಲ್ಲಿ ಅಳವಡಿಸಿದಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿಯನ್ನು, ಎಂದರೆ ಸಿದ್ಧ ಫಂಕ್ಷನ್ನುಗಳ ಸಂಗ್ರಹವನ್ನು, ಅವಲಂಬಿಸಿದ ಪುಟವೊಂದು ಕೆಟ್ಟಿತು. ಆ ಲೈಬ್ರರಿಯು ಅದೇ ಹೆಸರನ್ನು ತನ್ನದೇ ರೀತಿಯಲ್ಲಿ ಮೊದಲೇ ಬಳಸಿಕೊಂಡಿತ್ತು. ಸಮಿತಿಯು ಹಳೆಯದಕ್ಕೆ ದಾರಿಬಿಟ್ಟು, ಹೊಸದನ್ನು ‘ಫ್ಲಾಟ್’ ಎಂದು ಕರೆದು 2019ರ ಆವೃತ್ತಿಯಲ್ಲಿ ಸೇರಿಸಿತು. ಹೀಗೆ ಈ ಭಾಷೆಯಲ್ಲಿ ತಪ್ಪನ್ನು ತೆಗೆಯುವ ಪದ್ಧತಿ ವಿರಳ. ತಪ್ಪಿನ ಪಕ್ಕದಲ್ಲಿ ಸರಿಯಾದುದನ್ನು ಇಡುವ ಪದ್ಧತಿಯೇ ಪ್ರಧಾನ. ‘ವಾರ್’ ಉಳಿದು ‘ಲೆಟ್’ ಬಂದಿತು. ಎರಡು ಸಮಚಿಹ್ನೆಗಳು ಉಳಿದು ಮೂರು ಬಂದುವು. ಬೆಲೆಗಳ ಜಾತಿಯನ್ನು ಮೊದಲೇ ಘೋಷಿಸಿ ಪರೀಕ್ಷೆಗೊಳಪಡಿಸಬೇಕೆನ್ನುವವರಿಗಾಗಿ ಮೈಕ್ರೋಸಾಫ್ಟ್ 2012ರಲ್ಲಿ ಟೈಪ್‌ಸ್ಕ್ರಿಪ್ಟ್ ಎಂಬ ಹೊರಹೊದಿಕೆಯನ್ನೇ ನಿರ್ಮಿಸಿತು.

ಆದುದರಿಂದ ಕಲಿಕೆಯ ಕ್ರಮವೂ ಈ ಸ್ವಭಾವಕ್ಕೆ ಅನುಗುಣವಾಗಿರತಕ್ಕದ್ದು. ದೋಷಸೂಚನೆ ಬರಲಿಲ್ಲವೆಂಬುದನ್ನು ಪ್ರೋಗ್ರಾಮು ಸರಿಯಾಗಿದೆಯೆಂಬುದಕ್ಕೆ ಪ್ರಮಾಣವೆಂದು ಎಣಿಸಕೂಡದು. ಕನ್ಸೋಲಿನಲ್ಲಿ ಸಾಲನ್ನು ಬರೆದ ಮೇಲೆ, ಎಂಟರ್ ಒತ್ತುವ ಮೊದಲು, ತಮಗೆ ತೋರುವ ಉತ್ತರವನ್ನು ಕಾಗದದ ಮೇಲೆ ಗುರುತುಮಾಡಿಕೊಂಡು, ಬಂದ ಉತ್ತರದೊಡನೆ ಹೋಲಿಸಿ ನೋಡುವವರು ಈ ಭಾಷೆಯ ಊಹೆಗಳನ್ನು ಶೀಘ್ರವಾಗಿ ಪತ್ತೆಹಚ್ಚುತ್ತಾರೆ. ಹೋಲಿಕೆಯಾಗದ ಪ್ರತಿಯೊಂದು ಎಡೆಯೂ ಒಂದು ಪಾಠ. ಡೇರಿಯ ಲೆಕ್ಕವನ್ನು ಖಾಲಿ ಚೌಕದಿಂದ, ಸೊನ್ನೆಯಿಂದ, ಕನ್ನಡ ಅಂಕಿಯಿಂದ, ಅಂಕಿಯ ನಡುವೆ ಸೇರಿದ ಅಕ್ಷರದಿಂದ ಬೇಕೆಂದೇ ಪರೀಕ್ಷಿಸಿ, ಪ್ರತಿಯೊಂದಕ್ಕೂ ತಾವೇ ಒಂದು ಸ್ಪಷ್ಟವಾದ ನಿಯಮವನ್ನು ಬರೆದಿಟ್ಟವರ ಪುಟದಲ್ಲಿ ಊಹಿಸುವುದಕ್ಕೆ ಯಂತ್ರಕ್ಕೆ ಉಳಿಯುವ ಅವಕಾಶ ಅತ್ಯಲ್ಪ. ಅನನುಭವಿಗಳಿಗೆಂದು ಹುಟ್ಟಿದ ಭಾಷೆಯು ಅನುಭವಿಗಳಿಂದ ಕೇಳುವುದು ಇಷ್ಟನ್ನೇ: ತಾನು ಹೇಳದೆ ಮನ್ನಿಸುವ ತಪ್ಪುಗಳನ್ನು ಅವರು ಮೊದಲೇ ಹುಡುಕಿ ತಡೆಯಬೇಕು.